ನೀರಿನಲ್ಲಿ ಅಂಚೆಚೀಟಿ ಬಿಡಿಸುತ್ತಿದ್ದವರು

ನೀರು ಹದವಾಗಿದೆಯೇ ಎಂದು ಅವರು ಬೆರಳಿನಿಂದ ನೋಡುತ್ತಿರಲಿಲ್ಲ. ಅಂಗಿಯ ತೋಳನ್ನು ಮೇಲಕ್ಕೆ ಮಡಚಿ, ಎಳೆಗೂಸಿನ ಸ್ನಾನಕ್ಕೆ ನೀರು ಹದಮಾಡುವ ತಾಯಂದಿರಂತೆ, ಮೊಣಕೈಯನ್ನು ಬೋಗುಣಿಯಲ್ಲಿ ಕ್ಷಣಕಾಲ ಅದ್ದಿ ತೆಗೆಯುತ್ತಿದ್ದರು. “ಬೆರಳಿಗೆ ಬುದ್ಧಿ ಕಡಿಮೆ ಪಂಡಿತರೇ. ಬಿಸಿ ಚಹಾದ ಗ್ಲಾಸು ಹಿಡಿದು ಹಿಡಿದು ಅದಕ್ಕೆ ಎಂತದೂ ಗೊತ್ತಾಗುವುದಿಲ್ಲ” ಎನ್ನುತ್ತಿದ್ದರು. ಬಳಿಕ ಲಕೋಟೆಯಿಂದ ಕತ್ತರಿಸಿದ ಕಾಗದದ ತುಂಡುಗಳನ್ನು, ಅಂಚೆಚೀಟಿ ಮೇಲ್ಮುಖವಾಗಿರುವಂತೆ, ಒಂದೊಂದಾಗಿ ನೀರಿನ ಮೇಲೆ ತೇಲಬಿಡುತ್ತಿದ್ದರು. ಆಮೇಲೆ ಇಪ್ಪತ್ತು ನಿಮಿಷ ಅವರ ಎರಡೂ ಕೈಗಳು ತೊಡೆಯ ಮೇಲೆ ಇರುತ್ತಿದ್ದವು. ಗಿರಾಕಿ ಬಂದರೂ ಆ ಇಪ್ಪತ್ತು ನಿಮಿಷ ಅವರು ಏಳುತ್ತಿರಲಿಲ್ಲ. ಬೇಕಾದ ವಸ್ತು ಯಾವ ಕಪಾಟಿನಲ್ಲಿದೆ ಎಂದು ಗದ್ದದಿಂದ ತೋರಿಸುತ್ತಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಫರಂಗಿಪೇಟೆಯಲ್ಲಿ ಅವರನ್ನು ಬಲ್ಲವರಿಗೆ ಹೆಸರು ಬೇಕಾಗಿಲ್ಲ. ಹೆದ್ದಾರಿಯ ಬದಿಯಲ್ಲಿ ಅವರದೊಂದು ಪುಟ್ಟ ಅಂಗಡಿಯಿತ್ತು. ಅತ್ತರಿನ ಸೀಸೆಗಳು, ಬಿಳಿಯ ಟೋಪಿಗಳು, ವಾಚಿನ ಪಟ್ಟಿ, ಪೆನ್ನು, ಶಾಲೆಯ ಪುಸ್ತಕ, ಇವು ಅಲ್ಲಿ ಸಿಗುತ್ತಿದ್ದವು. ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾನು ದೀರ್ಘಕಾಲ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿದವನು. ಸಂಜೆ ಬಂಟ್ವಾಳದ ಬಸ್ಸು ಬರುವವರೆಗೆ ಅವರ ಅಂಗಡಿಯ ಬೆಂಚೇ ನನಗೆ ಆಸನವಾಗಿತ್ತು. ನಿವೃತ್ತನಾಗಿ ಹುಟ್ಟೂರಾದ ಮೂಡುಬಿದಿರೆಗೆ ಮರಳಿದ ಮೇಲೂ ತಿಂಗಳಿಗೊಮ್ಮೆ ಸಿದ್ಧಕಟ್ಟೆಯ ಮಾರ್ಗವಾಗಿ ಬಸ್ಸು ಹಿಡಿದು ಆ ಬೆಂಚಿಗೆ ಬಂದು ಹೋಗುತ್ತಿದ್ದೆ. ಕರಾವಳಿಯ ಬ್ಯಾರಿ ಮುಸ್ಲಿಮರಾದ ಅವರನ್ನು ಪೇಟೆಯವರು ‘ಸ್ಟ್ಯಾಂಪ್ ಬ್ಯಾರಿ’ ಎನ್ನುತ್ತಿದ್ದರು. ನಾನು ‘ಸಾಹೇಬರೇ’ ಎಂದು ಕರೆಯುತ್ತಿದ್ದೆ. ಊರೆಲ್ಲ ‘ಮಾಷ್ಟ್ರೇ’ ಎಂದು ಕರೆಯುವ ನನ್ನನ್ನು ಅವರೊಬ್ಬರು ‘ಪಂಡಿತರೇ’ ಎನ್ನುತ್ತಿದ್ದರು.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಗುಣಗಳನ್ನು ಎಣಿಸಿ ಕೈಮುಗಿಯುವುದಷ್ಟೇ ಆಗಿದ್ದರೆ ಈ ಬರಹ ಸುಲಭವಿತ್ತು. ನಾನು ಮಾಡಿದ ಒಂದು ತಪ್ಪನ್ನು ಅವರು ಆರು ವರ್ಷ ತಮ್ಮದೆಂಬಂತೆ ಹೊತ್ತು ನಡೆದರು; ಅದರಿಂದ ಅವರ ಮನೆಯವರಿಗೂ ಎದುರು ಮನೆಯವರಿಗೂ ಮಾತು ನಿಂತಿತು. ಅದನ್ನೂ ಹೇಳದೆ ಅವರ ಚಿತ್ರ ಪೂರ್ಣವಾಗದು.

ಗಲ್ಫಿನಿಂದ ಕಾಗದಗಳು ಬರುತ್ತಿದ್ದ ಕಾಲದಲ್ಲಿ ಆ ಅಂಗಡಿ ಒಂದು ವಾಚನಶಾಲೆಯಂತಿತ್ತು. ಓದು ಬಾರದ ತಾಯಂದಿರು ಲಕೋಟೆಯನ್ನು ಸೆರಗಿನಡಿಯಲ್ಲಿ ತರುತ್ತಿದ್ದರು. ಸಾಹೇಬರು ಪ್ರತಿಯೊಂದನ್ನೂ ಎರಡು ಸಲ ಓದಿ ಹೇಳುತ್ತಿದ್ದರು. ಮೊದಲನೆಯ ಓದು ಸುದ್ದಿಗೆ, ಎರಡನೆಯದು ಸಮಾಧಾನಕ್ಕೆ. ಆಮೇಲೆಯೇ, ಅದೂ ಬಹಳ ಸಂಕೋಚದಿಂದ, “ಸ್ಟ್ಯಾಂಪು ನನಗೆ ಕೊಡಬಹುದಾ?” ಎಂದು ಕೇಳುತ್ತಿದ್ದರು. ಮನೆಯವರೆಲ್ಲ ಕಾಗದ ಕೇಳಿ ಮುಗಿಯುವ ಮೊದಲು ಅದರ ಅಂಚೆಚೀಟಿಗೆ ಕತ್ತರಿ ತಾಗಿಸಬಾರದೆಂಬುದು ಅವರು ತಮಗೆ ತಾವೇ ಹಾಕಿಕೊಂಡಿದ್ದ ಕಟ್ಟಳೆ. ಹಿರಿಯ ಮಗ ಕೆಲಸಕ್ಕೆ ಹೋಗಿ ಇನ್ನೂ ಬಂದಿಲ್ಲವೆಂದರೆ, “ಅವನೂ ಕೇಳಲಿ. ನಾಳೆ ತನ್ನಿ” ಎಂದು ಲಕೋಟೆಯನ್ನು ಹಿಂದಕ್ಕೆ ಕೊಡುತ್ತಿದ್ದರು.

ಅವರ ಕೆಲಸದ ಕ್ರಮವನ್ನು ನಾನು ನೂರಾರು ಸಲ ನೋಡಿದ್ದೇನೆ. ಕೆಂಪು, ನೇರಳೆ ಬಣ್ಣದ ಲಕೋಟೆಗಳು ನೀರಿಗೆ ಬಣ್ಣ ಬಿಡುವುದರಿಂದ ಅವಕ್ಕೆ ಬೇರೆ ಬೋಗುಣಿ. ಕಾಗದದಿಂದ ತಾನಾಗಿ ಜಾರಿದ ಚೀಟಿಯನ್ನು ಚಿಮಟದಿಂದ ಎತ್ತಿ, ಹಿಂಬದಿಯಲ್ಲಿ ಉಳಿದ ಅಂಟು ಹೋಗುವಂತೆ ಎರಡನೆಯ ನೀರಿನಲ್ಲಿ ಆಡಿಸಿ, ಬಿಳಿಯ ಮುಂಡು ಪಂಚೆಯ ಮೇಲೆ ಮುಖ ಕೆಳಗಾಗಿ ಮಲಗಿಸುತ್ತಿದ್ದರು. ವೃತ್ತಪತ್ರಿಕೆಯ ಮೇಲೆ ಒಣಗಿಸಿದರೆ ಅದರ ಮಸಿ ತಾಗುತ್ತದೆ, ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಆದುದರಿಂದ ಎಲ್ಲವೂ ನೆರಳಿನಲ್ಲಿ, ಅಂಗಡಿಯ ಒಳಮೇಜಿನ ಮೇಲೆ. ಅರೆ ಒಣಗಿ ಅಂಚುಗಳು ಸುರುಳಿಯಾಗತೊಡಗಿದಾಗ ಅವನ್ನು ದಪ್ಪ ಪುಸ್ತಕದ ನಡುವೆ ಸೇರಿಸಿ, ಮೇಲೆ ತಕ್ಕಡಿಯ ಕಲ್ಲನ್ನಿಡುತ್ತಿದ್ದರು. ಒಣಗುವ ಹೊತ್ತಿನಲ್ಲಿ ಅಂಗಡಿಯ ಫ್ಯಾನು ತಿರುಗುವಂತಿರಲಿಲ್ಲ.

“ಬ್ಯಾರಿಗಳೇ, ಎಂತ ಸೆಕೆ ಮಾರಾಯ್ರೇ! ಫ್ಯಾನ್ ಹಾಕಿ” ಎಂದು ಏಪ್ರಿಲ್ ತಿಂಗಳ ಮಧ್ಯಾಹ್ನ ಗಿರಾಕಿಗಳು ಗೋಗರೆಯುತ್ತಿದ್ದರು.

“ಅರ್ಧ ಗಂಟೆ ಬೆವರಿ. ಫ್ಯಾನ್ ಹಾಕಿದರೆ ಕುವೈತು ಎದ್ದು ರಸ್ತೆಗೆ ಹೋಗ್ತದೆ.”

“ಹೋಗಲಿ. ನನ್ನ ಭಾವನೂ ಹಾಗೆಯೇ ಹೋದದ್ದು. ವರ್ಷ ಎರಡಾಯಿತು, ಪತ್ತೆ ಉಂಟಾ?”

ಉಜಿರೆಯ ಕಾಲೇಜೊಂದರ ಅಧ್ಯಾಪಕರೊಬ್ಬರು ಅಂಚೆಚೀಟಿಯ ಹವ್ಯಾಸದವರು. ಒಮ್ಮೆ ಅವರು ಒದ್ದೆ ಚೀಟಿಗಳನ್ನು ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸುತ್ತೇನೆಂದು ಹೆಮ್ಮೆಯಿಂದ ಹೇಳಿದರು. ಸಾಹೇಬರು ಬಹಳ ಹೊತ್ತು ಅವರ ಮುಖ ನೋಡಿ, “ಹಾಗಾದರೆ ಅದಕ್ಕೆ ಗುಂಡಿ ಹೊಲಿಯುವುದೂ ಉಂಟಾ ಸರ್?” ಎಂದು ಕೇಳಿದರು. ಅಧ್ಯಾಪಕರು ನಕ್ಕುಬಿಟ್ಟರು. ಆಮೇಲೆ ಅವರೂ ಬಿಳಿಯ ಮುಂಡೊಂದನ್ನು ಅದಕ್ಕೆಂದೇ ತೆಗೆದಿಟ್ಟರೆಂದು ಕೇಳಿದೆ.

ನಾನು ಜೈನನು. ಸೋಸದ ನೀರನ್ನು ಯಾವುದಕ್ಕೂ ಬಳಸದಿರುವುದು ನಮ್ಮ ಮನೆಯ ಆಚಾರ. ಇದನ್ನು ನಾನು ಅವರಿಗೆ ಹೇಳಿದ್ದು ಒಂದೇ ಸಲ. ಮರುದಿನ ನೋಡುತ್ತೇನೆ, ಕೊಡದ ಬಾಯಿಗೆ ಎರಡು ಮಡಿಕೆಯ ಶುಭ್ರವಾದ ಬಟ್ಟೆ. ಅಂದಿನಿಂದ ಅವರ ಅಂಚೆಚೀಟಿಗಳಿಗೂ ಸೋಸಿದ ನೀರೇ ಆಯಿತು. ಇನ್ನೊಂದು ಶಂಕೆಯೂ ನನಗಿತ್ತು. ಅದನ್ನು ಕೇಳಲು ವರ್ಷಗಟ್ಟಲೆ ಹಿಂಜರಿದಿದ್ದೆ.

“ಸಾಹೇಬರೇ, ಈ ಅಂಚೆಚೀಟಿಯ ಅಂಟು ಯಾವುದರಿಂದ ಮಾಡಿದ್ದು? ಪ್ರಾಣಿಯ ಮೂಳೆಯದ್ದಲ್ಲವಷ್ಟೆ?”

“ಇಷ್ಟು ವರ್ಷ ನಾಲಗೆಯಲ್ಲಿ ಒದ್ದೆ ಮಾಡಿ ಅಂಟಿಸಿದಿರಲ್ಲ, ಆಗ ಕೇಳಲಿಲ್ಲವಾ ಪಂಡಿತರೇ?”

“ನಾಲಗೆಗೆ ನಾನು ಎಂದೂ ತಾಗಿಸಿದವನಲ್ಲ. ಒದ್ದೆ ಬಟ್ಟೆಯಿಂದ ಅಂಟಿಸುತ್ತೇನೆ.”

“ಹಾಗಾದರೆ ನಿಮಗೆ ಮೇಲಿನ ಸೀಟು ಗ್ಯಾರಂಟಿ. ನಮ್ಮಂಥವರನ್ನು ಅಲ್ಲಿ ನೆನಪಿಡಿ” ಎಂದು ನಕ್ಕರು. ಆಮೇಲೆ ಗಂಭೀರರಾಗಿ, “ಮರದ ಅಂಟು ಅಂತ ಒಂದು ಪುಸ್ತಕದಲ್ಲಿ ಓದಿದ್ದೇನೆ. ಬೇರೆ ದೇಶದ್ದು ಅಲ್ಲಾಹುವಿಗೆ ಗೊತ್ತು. ನೀವು ನೋಡಿ, ಮುಟ್ಟಬೇಡಿ. ಮುಟ್ಟುವ ಕೆಲಸ ನನಗಿರಲಿ” ಎಂದರು.

ನಮ್ಮ ಶಾಸ್ತ್ರಗಳು ನಿರ್ಜರೆಯೆಂಬ ತತ್ತ್ವವನ್ನು ಹೇಳುತ್ತವೆ. ಜೀವಕ್ಕೆ ಅಂಟಿಕೊಂಡಿರುವ ಕರ್ಮವು ತಪಸ್ಸಿನಿಂದ, ಸಹನೆಯಿಂದ ಸಡಿಲವಾಗಿ ಕಳಚಿಹೋಗುವ ಕ್ರಮವದು. ತರಗತಿಯಲ್ಲಿ ಇದನ್ನು ವಿವರಿಸಲು ನಾನು ಎಷ್ಟೋ ಉಪಮೆಗಳನ್ನು ಹುಡುಕಿದ್ದೆ. ಅವರ ಬೋಗುಣಿಯ ಮುಂದೆ ಕುಳಿತಾಗ, ಯಾರೂ ಎಳೆಯದೆ ಚೀಟಿಯು ಕಾಗದದಿಂದ ಅರ್ಧ ಬೆರಳಿನಷ್ಟು ಸರಿದು ನಿಲ್ಲುವುದನ್ನು ಕಂಡಾಗ, ಮನಸ್ಸಿಗೆ ಮತ್ತೊಂದು ವಿವರಣೆ ಬೇಕೆನಿಸಲಿಲ್ಲ. ಅವರಿಗೆ ಹೇಳಿದೆ. ಶ್ರದ್ಧೆಯಿಂದ ಕೇಳಿದರು. ಕೊನೆಗೆ, “ಬಿಟ್ಟ ಕರ್ಮವನ್ನು ಒಣಗಿಸಿ ಆಲ್ಬಮಿಗೆ ಹಾಕುವ ಕ್ರಮ ನಿಮ್ಮಲ್ಲಿ ಉಂಟಾ?” ಎಂದರು. ಇಲ್ಲವೆಂದೆ. “ಅಲ್ಲೇ ನಮಗೂ ನಿಮಗೂ ವ್ಯತ್ಯಾಸ” ಎಂದು ಚಿಮಟ ಕೈಗೆತ್ತಿಕೊಂಡರು.

ಅವರ ಮನೆ ಅಂಗಡಿಯ ಹಿಂದಿನ ಓಣಿಯಲ್ಲಿತ್ತು. ಎದುರು ಮನೆ ಐಸಮ್ಮನವರದು. ಐಸಮ್ಮನವರ ಪತಿ ಗಲ್ಫಿನ ಒಂದು ಬೇಕರಿಯಲ್ಲಿ ದುಡಿಯುತ್ತಿದ್ದು, ಅಲ್ಲಿಯೇ ತೀರಿಕೊಂಡು, ಅಲ್ಲಿಯ ಮಣ್ಣಿಗೇ ಸೇರಿದವರು. ಅವರು ಬರೆದ ಕಾಗದಗಳೆಲ್ಲ ಮನೆಯ ಹಿರಿಯರಾದ ತಂದೆಯ ಹೆಸರಿಗೆ ಬರುತ್ತಿದ್ದವು. ಆ ಕಾಲದ ಮನೆಗಳ ಮರ್ಯಾದೆ ಅದು. ಕಾಗದದ ಒಳಗೂ ತಂದೆಗೆ, ತಾಯಿಗೆ, ಅಣ್ಣಂದಿರಿಗೆ ಸಲಾಂ ಹೇಳಿದ ಮೇಲೆ ಕೊನೆಯ ಸಾಲಿನಲ್ಲಿ ‘ಮನೆಯಲ್ಲಿರುವ ಎಲ್ಲರಿಗೂ’ ಎಂದಿರುತ್ತಿತ್ತು. ಆ ‘ಎಲ್ಲರಿಗೂ’ ಎಂಬುದರಲ್ಲಿ ಐಸಮ್ಮ ಸೇರಿರುತ್ತಿದ್ದರು. ಒಂದೇ ಒಂದು ಸಲ, ಚೊಚ್ಚಲ ಹೆರಿಗೆಗೆಂದು ಅವರು ಪುತ್ತಿಗೆಯ ತವರಿನಲ್ಲಿದ್ದಾಗ, ಪತಿ ನೇರವಾಗಿ ಅವರಿಗೇ ಬರೆದಿದ್ದರು. ಊರು, ಜಿಲ್ಲೆ ಇಂಗ್ಲಿಷಿನಲ್ಲಿ. ‘ಐಸಮ್ಮ’ ಎಂದು ಮಾತ್ರ ಕನ್ನಡದಲ್ಲಿ, ದಪ್ಪ ನೀಲಿ ಶಾಯಿಯಲ್ಲಿ. ಶಾಲೆಯ ಮುಖ ಕಾಣದ ಆ ತಾಯಿ ಆ ಮೂರಕ್ಷರಗಳನ್ನು ಬೆರಳಿನಿಂದ ತಿದ್ದಿ ತಿದ್ದಿ ಸಹಿ ಮಾಡಲು ಕಲಿತರು. ಪತಿಯ ಕೈಬರಹದಲ್ಲಿ ಅವರ ಹೆಸರು ಇದ್ದದ್ದು ಲೋಕದಲ್ಲಿ ಅದೊಂದೇ ಲಕೋಟೆಯ ಮೇಲೆ.

ಆ ಲಕೋಟೆಯ ಅಂಚೆಚೀಟಿಯಲ್ಲಿ ಒಂದು ಹಾಯಿದೋಣಿಯ ಚಿತ್ರವಿತ್ತು. ಐದು ದೋಣಿಗಳ ಆ ಮಾಲೆಯಲ್ಲಿ ಸಾಹೇಬರ ಬಳಿ ನಾಲ್ಕಿದ್ದವು. ಹಿಂದೊಮ್ಮೆ ಕೇಳಿದ್ದರು, ಐಸಮ್ಮ ಆಗುವುದಿಲ್ಲವೆಂದರು. ಸಾಹೇಬರು ಮತ್ತೆಂದೂ ಆ ಮಾತೆತ್ತಲಿಲ್ಲ. ಆಲ್ಬಮಿನ ಪುಟದಲ್ಲಿ ಐದನೆಯ ಸ್ಥಾನ ಇಪ್ಪತ್ತು ವರ್ಷ ಖಾಲಿಯಿತ್ತು. ಆರು ವರ್ಷದ ಹಿಂದೆ ಐಸಮ್ಮನೇ ಲಕೋಟೆ ಹಿಡಿದು ಅಂಗಡಿಗೆ ಬಂದರು. ಆ ದಿನ ನಾನೂ ಬೆಂಚಿನ ಮೇಲಿದ್ದೆ.

“ಮೊನ್ನೆ ನಿಮ್ಮ ಪುಸ್ತಕ ನೋಡಿದೆ. ಆ ಖಾಲಿ ಜಾಗ ಹಲ್ಲು ಬಿದ್ದ ಹಾಗೆ ಕಾಣ್ತದೆ. ತಗೊಳ್ಳಿ” ಎಂದರು. “ಆದರೆ ಕತ್ತರಿ ಹಾಕ್ಬಾರ್ದು. ನೀರಿಗೆ ಹಾಕ್ಬಾರ್ದು. ನನ್ನ ಹೆಸರು ಹೀಗೇ ಇರಬೇಕು. ಆಗ್ತದಾ?”

“ಆಗ್ತದೆ. ಅದಕ್ಕೆ ಬೇರೆ ದಾರಿ ಉಂಟು” ಎಂದರು ಸಾಹೇಬರು.

ಬೇರೆ ದಾರಿಯೆಂದರೆ ಇದು. ಶಾಯಿ ಹೀರುವ ಒತ್ತುಕಾಗದದ ಚಿಕ್ಕ ತುಂಡನ್ನು ಒದ್ದೆ ಮಾಡಿ ಹಿಂಡಿ, ಲಕೋಟೆಯ ಒಳಗಡೆ ಚೀಟಿಯ ಬೆನ್ನಿಗೆ ಸರಿಯಾಗಿ ಇಡುವುದು. ತೇವವು ಕಾಗದವನ್ನು ದಾಟಿ ಅಂಟಿಗೆ ತಲುಪಿದಾಗ ಚೀಟಿ ಮಾತ್ರ ಸಡಿಲವಾಗುತ್ತದೆ. ವಿಳಾಸ ಒಣಗಿಯೇ ಇರುತ್ತದೆ. ಅವರು ಹಾಗೆಯೇ ಮಾಡಿ, ಲಕೋಟೆಯನ್ನು ಮೇಜಿನ ಮೇಲೆ ಮಲಗಿಸಿದರು. ಅಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಕೇಳಿಸಿತು. “ಇಪ್ಪತ್ತು ನಿಮಿಷದಲ್ಲಿ ಬರ್ತೇನೆ. ನೀವು ನೋಡ್ತಾ ಇರಿ, ಅಷ್ಟೇ ಸಾಕು” ಎಂದು ಹೇಳಿ ಮಸೀದಿಗೆ ಹೋದರು.

ಈಗ ನನ್ನ ವಿಚಾರ. ನಿವೃತ್ತಿಯ ಬಳಿಕ ನಾನು ಮೂಡುಬಿದಿರೆಯ ಮನೆಗಳಲ್ಲಿ ಉಳಿದಿರುವ ತಾಡವೋಲೆಗಳನ್ನು ಶುಚಿಗೊಳಿಸಿ ಕಟ್ಟಿಡುವ ಸೇವೆ ಮಾಡುತ್ತಿದ್ದೇನೆ. ಓಲೆಯ ಅಕ್ಷರ ಕಂಟವೆಂಬ ಉಕ್ಕಿನ ಮೊನೆಯಿಂದ ಕೊರೆದದ್ದು. ಒದ್ದೆ ಹತ್ತಿಯಿಂದ ಮೃದುವಾಗಿ ಒರಸಿದರೆ ಧೂಳು ಹೋಗಿ, ಕೊರೆದ ಗೆರೆ ಇನ್ನಷ್ಟು ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಎಷ್ಟು ಸಾವಿರ ಗರಿಗಳನ್ನು ಹಾಗೆ ಒರಸಿದ್ದೇನೋ ತಿಳಿಯದು. ಮೇಜಿನ ಮೇಲಿದ್ದ ಲಕೋಟೆಯ ಮೇಲೆ ವರ್ಷಗಳ ಕೊಳೆ ಕುಳಿತಿತ್ತು. ‘ಐಸಮ್ಮ’ ಎಂಬ ಹೆಸರು ಮಸುಕಾಗಿ ಕಾಣುತ್ತಿತ್ತು. ಹಳೆಯ ಬರಹವನ್ನು ಕಂಡರೆ ನನ್ನ ಕೈ ಸುಮ್ಮನಿರದು. ಪಕ್ಕದ ಬಟ್ಟಲಿನಲ್ಲಿ ಒದ್ದೆ ಹತ್ತಿಯಿತ್ತು. ಆ ತಾಯಿಗೆ ಹೆಸರನ್ನು ಹೊಳಪಿಸಿ ಕೊಡೋಣವೆಂಬ ಭಕ್ತಿಯಿಂದಲೇ, ಮನಸ್ಸಿನಲ್ಲಿ ಮಂತ್ರವನ್ನೂ ಹೇಳಿಕೊಳ್ಳುತ್ತ, ಎರಡು ಸಲ ಒರಸಿದೆ.

ಕಾಗದದ ಮೇಲಿನ ಶಾಯಿ ಓಲೆಯ ಮೇಲಿನ ಅಕ್ಷರದಂತಲ್ಲವೆಂಬುದು ಶಾಲೆಯ ಮಗುವಿಗೂ ಗೊತ್ತು. ನನಗೆ ಅದು ಗೊತ್ತಾದದ್ದು ಹತ್ತಿ ನೀಲಿಯಾದಾಗ.

ಸಾಹೇಬರು ಮರಳಿ ಬಂದವರು ಬಾಗಿಲಲ್ಲೇ ನಿಂತರು. ನನ್ನ ಕೈಯಿಂದ ಹತ್ತಿಯನ್ನು ತೆಗೆದು ಬಟ್ಟಲಿಗೆ ಹಾಕಿದರು. ಆಮೇಲೆ ಕುಳಿತು, ಸಡಿಲವಾಗಿದ್ದ ಅಂಚೆಚೀಟಿಯನ್ನು ಚಿಮಟದಿಂದ ಎತ್ತಿ, ಎರಡನೆಯ ನೀರಿನಲ್ಲಿ ಆಡಿಸಿ, ಮುಂಡಿನ ಮೇಲೆ ಒಣಗಲು ಇಟ್ಟರು. ಅದರ ಅಂಚಿನ ಒಂದು ಹಲ್ಲೂ ಮುರಿದಿರಲಿಲ್ಲ.

“ನಾನು ಹೋಗಿ ಹೇಳುತ್ತೇನೆ” ಎಂದೆ.

“ಒಟ್ಟಿಗೆ ಹೋಗುವ” ಎಂದರು.

ಹೋದೆವು. ಐಸಮ್ಮನವರ ಮನೆಯ ಮೆಟ್ಟಿಲಿನ ಬಳಿ ನಾನು ಒಂದು ಹೆಜ್ಜೆ ಹಿಂದೆ ನಿಂತೆ. ಆ ಒಂದು ಹೆಜ್ಜೆಯೇ ಸಾಕಾಯಿತು. ಲಕೋಟೆಯನ್ನು ಎರಡು ಕೈಯಲ್ಲಿ ಹಿಡಿದು ಸಾಹೇಬರು, “ನನ್ನ ಕೈಗೆ ಕೊಟ್ಟಿರಿ. ನನ್ನ ಮೇಜಿನ ಮೇಲೆ ಹಾಳಾಯಿತು” ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮೌನ ನನಗಾಗಿ ತೆರೆದಿಟ್ಟದ್ದೆಂದು ನನಗೆ ಅರ್ಥವಾಗಿತ್ತು. ಆದರೆ ಮುಂದಿನ ವಾರವೇ ನಮ್ಮೂರಿನಲ್ಲಿ ಹಿರಿಯರು ಸೇರಿ, ಹಳೆಯ ಬರಹಗಳನ್ನು ಕಾಪಾಡಿದವನೆಂದು ನನಗೆ ಶಾಲು ಹೊದೆಸುವವರಿದ್ದರು. ಆಮಂತ್ರಣ ಪತ್ರಿಕೆ ನನ್ನ ಚೀಲದಲ್ಲೇ ಇತ್ತು. ನಾಲಗೆ ಏಳಲಿಲ್ಲ.

“ಬೇರೆ ಯಾರಾದರೂ ಆಗಿದ್ದರೆ ನಾನು ಕೊಡ್ತಿರಲಿಲ್ಲ” ಎಂದರು ಐಸಮ್ಮ. ಅಷ್ಟೇ. ಸಾಹೇಬರು ಅಂಚೆಚೀಟಿಯನ್ನು ತಂದುಕೊಡುತ್ತೇನೆಂದಾಗ, “ನಿಮಗೆ ಬೇಕಾದದ್ದು ಅದೇ ಅಲ್ವಾ? ಇಟ್ಟುಕೊಳ್ಳಿ” ಎಂದು ಬಾಗಿಲು ಹಾಕಿಕೊಂಡರು.

ಆ ಬಾಗಿಲು ಆಮೇಲೆ ಸಾಹೇಬರ ಮನೆಯವರಿಗೆ ತೆರೆಯಲಿಲ್ಲ. ಹಬ್ಬದ ದಿನ ಎರಡು ಮನೆಗಳ ನಡುವೆ ಹೋಗಿಬರುತ್ತಿದ್ದ ಮುಚ್ಚಿದ ತಟ್ಟೆಗಳು ನಿಂತವು. ಸಾಹೇಬರ ಮಡದಿಗೂ ಐಸಮ್ಮನಿಗೂ ಮದುವೆಯಾಗಿ ಬಂದಂದಿನಿಂದ ಸ್ನೇಹ. ಒಬ್ಬರ ಮಗು ಅತ್ತರೆ ಇನ್ನೊಬ್ಬರು ಓಡುತ್ತಿದ್ದರು. ಅದೂ ನಿಂತಿತು. ಹಾಯಿದೋಣಿಯ ಚೀಟಿಯನ್ನು ಸಾಹೇಬರು ಆಲ್ಬಮಿಗೆ ಸೇರಿಸಲೇ ಇಲ್ಲ.

ನಾನು ಶಾಲು ಹೊದೆದುಕೊಂಡೆ.

ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿಯ ದಿನವೆಂಬುದಿದೆ. ತಿಳಿದೋ ತಿಳಿಯದೆಯೋ ಮಾಡಿದ ಅಪರಾಧಗಳಿಗೆ ಎಲ್ಲರಲ್ಲೂ ಕ್ಷಮೆ ಬೇಡುವುದು ಅಂದಿನ ವಿಧಿ. ಈಗ ಫೋನಿನಲ್ಲಿಯೇ ಮುಗಿಸುತ್ತಾರೆ. ನಾನು ಇಂದಿಗೂ ಕಾಗದ ಬರೆಯುತ್ತೇನೆ. ಸಾಹೇಬರಿಗೆ ಬರೆಯುವಾಗ ಅವರಿಗೆ ಸಂತೋಷವಾಗಲೆಂದು ಅಂಚೆ ಕಚೇರಿಯಲ್ಲಿ ಹುಡುಕಿ ಚೆಂದದ ಚೀಟಿಯನ್ನು ಅಂಟಿಸುತ್ತಿದ್ದೆ. ‘ಮನೋವಾಕ್ಕಾಯಗಳಿಂದ ನನ್ನಿಂದಾದ ಸಕಲ ಅಪರಾಧಗಳನ್ನು ಮನ್ನಿಸಬೇಕು’ ಎಂಬ ವಾಕ್ಯವನ್ನು ಪ್ರತಿವರ್ಷವೂ ದುಂಡಗೆ ಬರೆಯುತ್ತಿದ್ದೆ. ಕಾಗದ ತಲುಪಿದ ದಿನ ಅವರ ಫೋನು ಬರುತ್ತಿತ್ತು.

“ಕಾಗದ ಬಂತು ಪಂಡಿತರೇ. ಸ್ಟ್ಯಾಂಪು ಲಾಯ್ಕ ಉಂಟು. ಅಕ್ಷರವೂ ಲಾಯ್ಕ ಉಂಟು.” ಸ್ವಲ್ಪ ತಡೆದು, “ಬೇರೆ ಎಂತದಾದರೂ ಬರೀಲಿಕ್ಕೆ ಬಿಟ್ಟು ಹೋಯಿತಾ?”

“ಇಲ್ಲ ಸಾಹೇಬರೇ.”

“ಆಯ್ತು. ಬರುವ ವರ್ಷ ನೋಡುವ.”

ಹೀಗೆ ಆರು ಕಾಗದಗಳು ಹೋದವು, ಆರು ಸಲ ಫೋನು ಬಂತು. ಒಮ್ಮೆಯೂ ಅವರು ಲಕೋಟೆಯ ಹೆಸರೆತ್ತಲಿಲ್ಲ. ತಿಂಗಳಿಗೊಮ್ಮೆ ನಾನು ಬೆಂಚಿನ ಮೇಲೆ ಕುಳಿತಾಗ ಮೊದಲಿನಂತೆಯೇ ಬೋಗುಣಿ ತೆಗೆಯುತ್ತಿದ್ದರು. ಗಲ್ಫಿನ ಕಾಗದಗಳು ಎಂದೋ ನಿಂತಿದ್ದವು. ಈಚೆಗೆ ಬರುವ ಲಕೋಟೆಗಳ ಮೇಲೆ ಚೀಟಿಯ ಬದಲು ಯಂತ್ರದಿಂದ ಹೊರಬಿದ್ದ ಕರಿಗೆರೆಯ ಪಟ್ಟಿ. “ಇದನ್ನು ನೀರಿಗೆ ಹಾಕಿದರೆ ನೀರಿಗೂ ಬೇಸರ” ಎನ್ನುತ್ತಿದ್ದರು. ಆದರೂ ಹಳೆಯ ಚೀಲಗಳಲ್ಲಿ ಉಳಿದಿದ್ದ ತುಂಡುಗಳನ್ನು ವಾರಕ್ಕೆ ಹತ್ತರಂತೆ, ಮುಗಿದುಹೋಗದ ಹಾಗೆ, ಬಿಡಿಸುತ್ತಿದ್ದರು. ಎದುರು ಮನೆಯವರ ವಿಚಾರ ಕೇಳಿದರೆ, “ಚೆನ್ನಾಗಿದ್ದಾರೆ, ಕಿಟಕಿಯಿಂದ ಕಾಣ್ತದೆ” ಎಂದಷ್ಟೇ.

ಅವರು ತೀರಿಕೊಂಡ ಸುದ್ದಿ ತಿಳಿಸಿದವನು ಅವರ ಮಗ. ನಾನು ಜ್ವರದಿಂದ ಮಲಗಿದ್ದೆ, ಹೋಗಲಾಗಲಿಲ್ಲ. ತಿಂಗಳು ಕಳೆದ ಮೇಲೆ ಅವನು ಇನ್ನೊಮ್ಮೆ ಫೋನು ಮಾಡಿದ. ತಾಯಿ ಇದ್ದತ್ತಿನಲ್ಲಿದ್ದಾರೆ, ಅಂದರೆ ಪತಿಯನ್ನು ಕಳೆದುಕೊಂಡ ಹೆಂಗಸು ನಾಲ್ಕು ತಿಂಗಳ ಮೇಲೆ ಹತ್ತು ದಿನ ಮನೆಯೊಳಗೇ ಇರುವ ನಿಯಮದಲ್ಲಿದ್ದಾರೆ, ಎಂದು ತಿಳಿಸಿದ. ಬಳಿಕ ಹೇಳಿದ: “ಊರಿನ ಹೆಂಗಸರೆಲ್ಲ ಬಂದು ಕೂತು ಹೋದರು ಮಾಷ್ಟ್ರೇ. ಎದುರಿನ ಮನೆಯವರು ಮಾತ್ರ ಬರಲಿಲ್ಲ. ಉಮ್ಮ ಎಂತದೂ ಹೇಳುವುದಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಮಾತ್ರ, ಐಸಮ್ಮನಾ ನೋಡು ಅಂತ ಕೇಳ್ತಾರೆ.”

ಮರುದಿನ ಬಸದಿಯಲ್ಲಿ ದರ್ಶನ ಮುಗಿಸಿ ಮೊದಲ ಬಸ್ಸು ಹತ್ತಿದೆ. ಫರಂಗಿಪೇಟೆಯಲ್ಲಿ ಇಳಿದು ನೇರವಾಗಿ ಐಸಮ್ಮನವರ ಮೆಟ್ಟಿಲಿಗೆ ಹೋದೆ. ಈ ಸಲ ಹಿಂದೆ ನಿಲ್ಲಲು ಯಾರ ಬೆನ್ನೂ ಇರಲಿಲ್ಲ.

“ತಾಯೀ, ನಿಮ್ಮ ಹೆಸರನ್ನು ಅಳಿಸಿದವನು ನಾನು” ಎಂದೆ. “ಅವರು ನಮಾಜಿಗೆ ಹೋಗಿದ್ದರು. ಒದ್ದೆ ಹತ್ತಿಯಿಂದ ಒರಸಿದ್ದು ಈ ಕೈ.” ಶಾಲಿನ ವಿಚಾರವನ್ನೂ, ನಾನು ಸುಮ್ಮನೆ ನಿಂತ ಕಾರಣವನ್ನೂ, ಏನನ್ನೂ ಬಿಡದೆ ಹೇಳಿದೆ.

ಅವರು ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದರು. ಒಳಗೆ ಹೋಗಿ ಆ ಲಕೋಟೆಯನ್ನು ತಂದರು. ಹೆಸರಿದ್ದೆಡೆ ಅಂಗೈಯಷ್ಟು ಅಗಲದ ನೀಲಿ ಕಲೆ.

“ಸಿಟ್ಟಿನಲ್ಲಿ ಇದನ್ನು ಒಲೆಗೆ ಹಾಕಲಿಕ್ಕೆ ಹೋಗಿದ್ದೆ ಮಾಷ್ಟ್ರೇ. ಆಮೇಲೆ ನೋಡಿದೆ. ಅಕ್ಷರ ಇಲ್ಲ, ಶಾಯಿ ಉಂಟಲ್ಲ? ಶಾಯಿ ಅವರದ್ದೇ. ಹಾಗೆ ಇಟ್ಟುಕೊಂಡೆ.” ಲಕೋಟೆಯನ್ನು ಮಡಚಿದರು. “ಇದು ಹೋದದ್ದಕ್ಕೆ ನಾನು ಎಂದೋ ಅತ್ತು ಮುಗಿಸಿದ್ದೇನೆ. ಆದರೆ ಆ ಮನುಷ್ಯ ಈ ಓಣಿಯಲ್ಲಿ ಆರು ವರ್ಷ ತಲೆ ತಗ್ಗಿಸಿ ಹೋದರು. ಅವರ ಮಯ್ಯತ್ತು ಹೊರಗೆ ತೆಗೆದಾಗಲೂ ನಾನು ಕಿಟಕಿ ಮುಚ್ಚಿ ಒಳಗೇ ಕೂತೆ. ಅದನ್ನು ಎಂತ ಮಾಡುವುದು? ಹೇಳಿ.”

ಲಕೋಟೆಯನ್ನು ಒಳಗಿಟ್ಟು ಮರಳಿ ಬಂದರು.

“ನನಗೆ ಹೇಳಿದ್ದು ಸಾಕಾಗುವುದಿಲ್ಲ” ಎಂದರು. “ಅವಳಿಗೂ ಹೇಳಬೇಕು. ಹೋಗುವ, ನಡೀರಿ.” ತಲೆಯ ವಸ್ತ್ರ ಸರಿಪಡಿಸಿಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ ನನ್ನ ಮುಂದೆ ಓಣಿ ದಾಟಿದರು.

ಸಾಹೇಬರ ಮಗ ನನ್ನನ್ನು ಹೊರಕೋಣೆಯಲ್ಲಿ ಕೂರಿಸಿದ. ಐಸಮ್ಮ ಪರದೆಯನ್ನು ಸರಿಸಿ ಒಳಗೆ ಹೋದರು. ನಾನು ಪರದೆಯ ಕಡೆಗೆ ತಿರುಗಿ ಎಲ್ಲವನ್ನೂ ಎರಡನೆಯ ಸಲ ಹೇಳಿದೆ. ಮಗ ನೆಲ ನೋಡುತ್ತ ನಿಂತಿದ್ದ.

“ಗೊತ್ತುಂಟು ಮಾಷ್ಟ್ರೇ” ಎಂದಿತು ಪರದೆಯಾಚೆಯ ಸಣ್ಣ ಧ್ವನಿ. “ಅವರು ಅದೇ ರಾತ್ರಿ ನನಗೆ ಹೇಳಿದ್ದರು. ‘ಇದು ಪಂಡಿತರು ಹೇಳಬೇಕಾದ ಮಾತು. ಅವರು ಬಂದು ಹೇಳ್ತಾರೆ. ಅದನ್ನು ಅವರ ಬಾಯಿಯಿಂದ ನಾವು ಕಸಿದುಕೊಳ್ಳುವುದು ಬೇಡ’ ಅಂದರು. ಪ್ರತಿ ವರ್ಷ ನಿಮ್ಮ ಕಾಗದ ಬಂದಾಗ ನಾನು ಕೇಳ್ತಿದ್ದೆ, ಬಂತಾ ಅಂತ. ‘ಈ ಸಲ ಇಲ್ಲ, ಬರುವ ವರ್ಷ’ ಅಂತಿದ್ದರು. ಒಂದು ದಿನವೂ ನಿಮ್ಮ ಮೇಲೆ ಬೇಜಾರು ಮಾಡಿಕೊಂಡವರಲ್ಲ.”

ಕುಳಿತಲ್ಲೇ ನಾನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡೆ. ಎಪ್ಪತ್ತೆಂಟು ವರ್ಷದ ಬಾಳಿನಲ್ಲಿ ಇಷ್ಟು ದೊಡ್ಡ ಗೌರವವನ್ನು ನನಗೆ ಇನ್ನಾರೂ ಕೊಟ್ಟಿರಲಿಲ್ಲ. ಅದಕ್ಕೆ ತಕ್ಕವನಾಗಿ ನಾನು ಬಂದಾಗ ಅವರಿರಲಿಲ್ಲ.

ಒಳಗೆ ಬ್ಯಾರಿ ಭಾಷೆಯಲ್ಲಿ ಮಾತು ತೊಡಗಿತು. ಆ ಊರಿನಲ್ಲಿ ಅಷ್ಟು ಕಾಲ ಇದ್ದವನಿಗೆ ಅದು ತಿಳಿಯುತ್ತಿತ್ತು.

“ಎಲ್ಲ ಗೊತ್ತಿದ್ದು ಆರು ವರ್ಷ ಬಾಯಿ ಮುಚ್ಚಿ ಕೂತೆಯಾ ನೀನು?” ಐಸಮ್ಮನ ಧ್ವನಿ.

“ನೀನು ಬಾಗಿಲು ಮುಚ್ಚಿ ಕೂತಿದ್ದೆ. ಎಲ್ಲಿಂದ ಹೇಳಲಿ?”

ಒಂದು ನಗೆಯಂತಹ ಸದ್ದು, ಅದರ ಬೆನ್ನಿಗೇ ಅಳುವಿನಂತಹದು. ಯಾರದು ಯಾವುದೆಂದು ತಿಳಿಯಲಿಲ್ಲ. ಬಳಿಕ ಐಸಮ್ಮ, ಸಾವಿನ ಮನೆಗೆ ಬಂದ ನೆರೆಯವರು ಮೊದಲ ದಿನವೇ ಕೇಳುವ ಮಾತನ್ನು ಕೇಳಿದರು:

“ಅವರಿಗೆ ಎಂತ ಆಗಿತ್ತು? ಮೊದಲಿಂದ ಹೇಳು.”

ಊರವರಿಗೆಲ್ಲ ಹೇಳಿ ಹೇಳಿ ದಣಿದಿದ್ದ ಸಾಹೇಬರ ಮಡದಿ, ಆ ದಿನ ಬೆಳಿಗ್ಗೆ ಅವರು ಎದ್ದು ಕಿಟಕಿ ತೆರೆದದ್ದರಿಂದ ಹೇಳತೊಡಗಿದರು. ನನಗೂ ಅದನ್ನು ಯಾರೂ ಹೇಳಿರಲಿಲ್ಲ. ಪರದೆಯ ಈಚೆ ಕುಳಿತು ನಾನೂ ಕೇಳಿದೆ.